ಚಿಗವ್ವನ ಉಡಿ

ನಾನು ಹುಟ್ಟಿದ ಮೇಲವಂಕಿ ಊರಿನ ಮನೆಯಲ್ಲಿ ಯಾರು ಯಾರ ಕೌದಿಯಲ್ಲಿ ಮಲಗಬೇಕೆಂದು ಯಾರೂ ಹೇಳಿಕೊಟ್ಟವರಿಲ್ಲ, ತಪ್ಪಿದವರೂ ಇಲ್ಲ. ಅದು ಮಣ್ಣಿನ ಮಾಳಿಗೆಯ ಮನೆ. ತಲಬಾಗಿಲು ದಾಟಿದರೆ ಮೊದಲು ಎತ್ತು ಎಮ್ಮೆಗಳ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ನಡುಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಧ್ಯಾಹ್ನ ಬೆಳಕಿಂಡಿಯಿಂದ ಒಂದು ಬಿಸಿಲಿನ ಕೋಲು ಇಳಿದು, ಸಾರಿಸಿದ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತು, ಗೋಡೆ ಹತ್ತಿ ಹೋಗುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ದೇವರ ಮನೆಯ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಿದ್ದಳು. ಅಪ್ಪ ಅವ್ವ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ, ಮನೆಯ ಸಣ್ಣ ಕೂಸಿನ ಜೊತೆ. ಅಪ್ಪನ ತಮ್ಮ ನಮ್ಮ ಕಾಕಾ, ಬೆಳೆ ಇದ್ದಾಗ ಹೊಲದಲ್ಲಿ, ಇಲ್ಲದಾಗ ಪಡಸಾಲೆಯಲ್ಲಿ. ಕಾಕಾನ ಹೆಂಡತಿ ನೀಲವ್ವ ಚಿಗವ್ವ ನಡುಮನೆಯಲ್ಲಿ, ಜೋಳದ ಚೀಲಗಳ ಮಗ್ಗುಲಿಗೆ. ಅವಳ ಕೌದಿಯ ಗೋಡೆ ಕಡೆಯ ಅರ್ಧ ನನ್ನದು.

ಅದು ನನ್ನದು ಹೇಗಾಯಿತೆಂದು ನನಗೆ ನೆನಪಿಲ್ಲ. ನಾನು ತೊದಲುವ ವಯಸ್ಸಿನಲ್ಲಿ ಅವ್ವ ಹೆರಿಗೆಗೆ ತವರಿಗೆ ಹೋದಳಂತೆ. ಚಿಗವ್ವ ಆಗಷ್ಟೇ ಬೆಲ್ಲದ ಬಾಗೇವಾಡಿಯಿಂದ ಗಂಡನ ಮನೆಗೆ ನಡೆಯಲು ಬಂದಿದ್ದ ಹೊಸ ಸೊಸೆ. ಹೊಸ ಊರಿನಲ್ಲಿ ಅವಳಿಗೆ ಮಾತಾಡಲು ಯಾರೂ ಇಲ್ಲ, ನನಗೆ ಅವ್ವ ಇಲ್ಲ. ಆ ಹೆರಿಗೆಯ ಕೂಸು ಉಳಿಯಲಿಲ್ಲ. ಅವ್ವ ಬರಿಗೈಯಲ್ಲಿ ಮರಳಿ ಬಂದು ಕರೆದಾಗ ನಾನು ಚಿಗವ್ವನ ಸೀರೆಯ ಹಿಂದೆ ಅಡಗಿದೆನಂತೆ. ಅಂದಿನಿಂದ ನನ್ನ ಊಟ, ನನ್ನ ಸ್ನಾನ, ನನ್ನ ಸಾಲಿಯ ಪಾಟಿ ಎಲ್ಲ ಚಿಗವ್ವನ ಕೈಯಲ್ಲಿ. ಅವಳು ಬಹಳ ಚೊಕ್ಕ ಹೆಂಗಸು. ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. ಮಜ್ಜಿಗೆಯ ಗಡಿಗೆಯಲ್ಲಿ ಯಾರಾದರೂ ಬಾಯಿ ಹಚ್ಚಿದ ವಾಟಗದ ಬಟ್ಟಲು ಅದ್ದಿದರೆ ಆ ಮಜ್ಜಿಗೆ ದನಗಳ ಕಲಗಚ್ಚಿಗೇ ಹೋಗುತ್ತಿತ್ತು. ಎಂಜಲಿನ ಮಾತು ಬಂದರೆ ಅವಳು ಅತ್ತೆಯನ್ನೂ ಬಿಡುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಕೊನೆಯ ಹಿಟ್ಟಿನಲ್ಲಿ ನನಗೆಂದು ಅಂಗೈಯಗಲದ ಒಂದು ರೊಟ್ಟಿ ಬಡಿದು, ಎಳ್ಳು ಹಚ್ಚಿ, ಒಲೆಯ ಗೋಡೆಗೆ ಒರಗಿಸಿ ಇಡುತ್ತಿದ್ದಳು. ಆ ಮನೆಯಲ್ಲಿ ಬೇರೆ ಯಾರಿಗೂ ಅಂಥ ರೊಟ್ಟಿ ಇರಲಿಲ್ಲ. ನಾನು ಕೂಸೂ ಅಲ್ಲ, ಕೆಲಸಕ್ಕೆ ಬರುವವಳೂ ಅಲ್ಲ, ನಾಲ್ಕು ಜನ ಬಂದರೆ ಬಾಗಿಲ ಹಿಂದೆ ನಿಲ್ಲುವ ಮೂಕಿ. ಆದರೆ ನನಗೊಂದು ರೊಟ್ಟಿ ಇತ್ತು.

ಅವ್ವನಿಗೂ ಚಿಗವ್ವನಿಗೂ ಆಗಾಗ ಜಗಳವಾಗುತ್ತಿತ್ತು. ಒಲೆಗೆ ಹಸಿ ಸೌದೆ ಇಟ್ಟದ್ದಕ್ಕೆ, ಎಮ್ಮೆಗೆ ಹಿಂಡಿ ಕಡಿಮೆ ಬಿದ್ದದ್ದಕ್ಕೆ. ಒಮ್ಮೆ ನಾನು ಬಾವಿಯ ದಂಡೆಗೆ ಹೋದದ್ದಕ್ಕೆ ಅವ್ವ ಬೆನ್ನಿಗೆ ಎರಡು ಬಾರಿಸಿದಳು. ಚಿಗವ್ವ ಬಂದು ನನ್ನನ್ನು ಎತ್ತಿಕೊಂಡು ನಡುಮನೆಗೆ ಹೋದಳು. ಅಂದು ಅವ್ವ ಊಟ ಮಾಡಲಿಲ್ಲ. ಅವ್ವನ ಸಿಟ್ಟೇ ಹಾಗೆ ಎಂದು ನಾನು ತಿಳಿದಿದ್ದೆ.

ತಂಗಿ ಬಾಳವ್ವ, ನಮ್ಮ ಬಾಳಿ, ಹುಟ್ಟಿದಾಗ ನನಗೆ ಏನೂ ಅನಿಸಲಿಲ್ಲ. ಅವಳು ಅವ್ವನ ಕೂಸು, ಅವ್ವನ ಕೋಣೆಯಲ್ಲಿ ಅಳುತ್ತಿದ್ದಳು. ಅವಳಿಗೆ ಎರಡು ತುಂಬಿದ ಮೇಲೆ ಅವ್ವ ಎದೆಗೆ ಬೇವಿನ ರಸ ಹಚ್ಚಿ ಹಾಲು ಬಿಡಿಸಿದಳು. ಎದುರಿಗೆ ಇದ್ದರೆ ಹಟ ಮಾಡುತ್ತಾಳೆಂದು ದಿನವೆಲ್ಲ ಹೊಲಕ್ಕೆ ಹೋಗತೊಡಗಿದಳು. ಚಿಗವ್ವನಿಗೆ ಮನೆಯ ಕೆಲಸವೆಲ್ಲ ಬಿತ್ತು. ಬಾಳಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಉಣಿಸುವ ಪಾಳಿ ನನಗೆ ಬಂತು. ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಅವಳ ಎಳೆ ಹಲ್ಲಿಗೆ ಬಗ್ಗದು. ನಾನು ಅಂಚು ಕಚ್ಚಿ, ಹಲ್ಲಿನ ಗುರುತು ಬಿದ್ದ ತುಂಡನ್ನು ಅವಳಿಗೆ ಕೊಡುತ್ತಿದ್ದೆ. ಅದು ಅವಳಿಗೆ ಎಷ್ಟು ರೂಢಿಯಾಯಿತೆಂದರೆ, ಇಡೀ ತುಂಡು ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಕಚ್ಚುವುದನ್ನು ಕಣ್ಣಾರೆ ನೋಡಬೇಕು, ಕಚ್ಚಿದ ಜಾಗಕ್ಕೆ ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ 'ಆ' ಎಂದು ಬಾಯಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಿಳಿದಿದ್ದರೆ, ಎಂಜಲು ತಿನ್ನಿಸಿದಳೆಂದು ಚಿಗವ್ವ ನನ್ನನ್ನು ಬಾವಿಯಲ್ಲಿ ಅದ್ದಿ ತೆಗೆಯುತ್ತಿದ್ದಳು.

ಒಂದು ಸಂಜೆ ನಾನು ಜೋಳದ ಚೀಲದ ಹಿಂದೆ ಕೂತಿದ್ದೆ. ಅಡಿಗೆಮನೆಯಲ್ಲಿ ಆಯಿ ಮತ್ತು ಅವ್ವ ಮಾತಾಡುತ್ತಿದ್ದರು. ಚಿಗವ್ವ ನೀರಿಗೆ ಹೋಗಿದ್ದಳು.

"ಇಷ್ಟ ವರ್ಷ ಆತು, ಆಕಿ ಹೊಟ್ಟಿ ಹಂಗ ಐತಿ. ಮಂದಿ ಬಾಯಿ ನಾ ಹೆಂಗ ಮುಚ್ಚಲಿ? ಹುಕ್ಕೇರಿ ಕಡಿಂದ ನಿನ್ನ ಮೈದುನಗ ಹೆಣ್ಣು ಹೇಳಾಕ ಬಂದಿದ್ರು."

"ಬ್ಯಾಡ್ರಿ ಅತ್ತೀ. ಮನ್ಯಾಗ ಇನ್ನೊಬ್ಬಾಕಿ ಬಂದ್ರ ನೀಲವ್ವ ಬಾವಿ ನೋಡ್ತಾಳ."

"ಹಂಗಾರ ಏನ ಮಾಡೂಣು ಅಂತಿ?"

ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನನ್ನ ಸಣ್ಣಾಕಿನ್ನ ಆಕಿ ಉಡ್ಯಾಗ ಹಾಕ್ರಿ."

"ಹಾಕಿದ ಮ್ಯಾಲ ನಂದು ಅನ್ನಾಂಗಿಲ್ಲ, ನೋಡ."

"ಅನ್ನಾಂಗಿಲ್ರಿ."

ಮೊಮ್ಮಕ್ಕಳೇ, ನೀವು ಈಗ ದತ್ತಕ ಅನ್ನುತ್ತೀರಿ, ಅದಕ್ಕೆ ವಕೀಲರು ಬೇಕು. ನಮ್ಮ ಓಣಿಯ ಹೆಂಗಸರು ಅದನ್ನು ಉಡಿಯಲ್ಲಿ ಹಾಕುವುದು ಎನ್ನುತ್ತಿದ್ದರು. ಸೀರೆಯ ಸೆರಗಿನ ಮಡಿಲೇ ಉಡಿ. ಮಕ್ಕಳಿಲ್ಲದವಳು ಹೊಳೆಯ ದಂಡೆಯಲ್ಲಿ ಉಡಿಯೊಡ್ಡಿ ಕೂರಬೇಕು. ಐದು ಜನ ಮುತ್ತೈದೆಯರು ಅದರಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ, ರವಿಕೆಯ ಖಣ ಹಾಕಿ, ಮೇಲೆ ಕೂಸನ್ನು ಕೂರಿಸಬೇಕು. ಕೂಸು ಅಲ್ಲಿ ಕೂತು ಅವಳ ಕೈಯಿಂದ ಒಂದು ತುತ್ತು ತಿಂದರೆ ಮುಗಿಯಿತು, ಅಂದಿನಿಂದ ಅವಳೇ ತಾಯಿ. ಆ ತುತ್ತು ಕೂಸಿನ ಹೊಟ್ಟೆಗೆ ಹೋಗುವ ತನಕ ಅವಳು ಉಪವಾಸ, ನೀರೂ ಇಲ್ಲ. ತಿನ್ನದಿದ್ದರೆ ಕೂಸಿಗೆ ಮನಸ್ಸಿಲ್ಲವೆಂದು ಹಾಗೇ ಮನೆಗೆ ಮರಳಬೇಕು. ಹೆತ್ತವಳು ಅಲ್ಲಿಗೆ ಬರುವಂತಿಲ್ಲ.

ಚೀಲದ ಹಿಂದೆ ಕೂತ ನನಗೆ ಇವೆಲ್ಲ ತಲೆಗೆ ಹೋಗಲಿಲ್ಲ. ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಸಣ್ಣಾಕಿ. ಚಿಗವ್ವನಿಗೆ ಒಂದು ಮಗಳು ಬೇಕಾಗಿದ್ದರೆ ನಾನು ಇದ್ದೆನಲ್ಲ. ಅವಳ ಕೌದಿಯಲ್ಲೇ ಇದ್ದೆ. ನನ್ನನ್ನು ಬಿಟ್ಟು ಇಡೀ ದಿನ ಮೂಗು ಸೋರುವ ಆ ಕೂಸು ಯಾಕೆ? ಆ ಕ್ಷಣದಲ್ಲಿ ನನ್ನ ಹೊಟ್ಟೆಯೊಳಗೆ ಒಂದು ಕೆಂಡ ಬಿತ್ತು. ಮಕ್ಕಳೇ, ಅದು ಆರಲು ಬಹಳ ಕಾಲ ಹಿಡಿಯಿತು.

ಮೊನ್ನೆ ನೀವು ಸಣ್ಣ ಕೂಸನ್ನು ಕಟ್ಟಿಕೊಂಡು, ಗೆಳೆಯರ ಜೊತೆ ಡೇರೆ ಹಾಕಿ ಎರಡು ದಿನ ಇದ್ದು ಬಂದಿರಿ. ಆಯಿ, ನಿಮ್ಮ ಕಾಲದಾಗ ಇಂಥಾದ್ದು ಎಲ್ಲಿತ್ತು ಎಂದು ನಕ್ಕಿರಿ. ನಾನು ಸುಮ್ಮನೆ ನಕ್ಕೆ. ನಮ್ಮ ಕಾಲದಲ್ಲೂ ಇತ್ತು. ಅದಕ್ಕೆ ವಸ್ತಿ ಎನ್ನುತ್ತಿದ್ದೆವು. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದು, ಹೊಳೆಯ ನೀರು ಇಳಿದು ಮರಳು ಕಾಣುವ ಚಳಿಗಾಲದಲ್ಲಿ ಓಣಿಯ ಹೆಂಗಸರು ಚಕ್ಕಡಿ ಕಟ್ಟಿಸಿಕೊಂಡು ಘಟಪ್ರಭೆಯ ದಂಡೆಗೆ ಹೋಗಿ ಎರಡು ರಾತ್ರಿ ಇದ್ದು ಬರುತ್ತಿದ್ದರು. ಗಂಡಸರು ಒಪ್ಪುತ್ತಿದ್ದುದು ಎತ್ತುಗಳ ಕಾರಣದಿಂದ. ಬಸವಣ್ಣನ ದಿನವೆಂದು ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹಾಕುವುದಿಲ್ಲ. ರವಿವಾರ ಹೋದ ಚಕ್ಕಡಿ ಸೋಮವಾರ ಮರಳಿ ಬರುವಂತಿಲ್ಲ, ಮಂಗಳವಾರವೇ ಬರಬೇಕು. ಹೇಗೂ ಎತ್ತು ದುಡಿಯದ ದಿನ, ಹೊಳೆಯ ದಂಡೆಯಲ್ಲಿ ಮೇಯಲಿ ಎಂದು ಗಂಡಸರು ಸುಮ್ಮನಾಗುತ್ತಿದ್ದರು. ಎತ್ತಿನ ಹೆಸರಿನಲ್ಲಿ ಹೆಂಗಸರಿಗೂ ನೊಗ ಇಳಿಯುತ್ತಿತ್ತು. ಹಿಂದಿನ ವರ್ಷಗಳಲ್ಲೆಲ್ಲ ಚಿಗವ್ವನ ಜೊತೆ ಹೋಗುತ್ತಿದ್ದವಳು ನಾನೇ. ಆ ವರ್ಷ ವಸ್ತಿಯ ಸೋಮವಾರಕ್ಕೆ ಉಡಿಯ ಶಾಸ್ತ್ರ ನಿಶ್ಚಯವಾಯಿತು.

ಮೂಡಲಗಿ ಸಂತೆಯಿಂದ ಕಾಕಾ ಹಸಿರು ಖಣ ತಂದುಕೊಟ್ಟ. ಚಿಗವ್ವ ಅದರಲ್ಲಿ ಬಾಳಿಗೆ ಕುಂಚಿಗೆ ಹೊಲಿದಳು, ತಲೆಯಿಂದ ಬೆನ್ನಿನ ತನಕ ಇಳಿಯುವಂಥದ್ದು, ಅಂಚಿಗೆ ಕೆಂಪು ಪಟ್ಟಿ. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ನನ್ನ ಕುಂಚಿಗೆ ಹಳೆಯ ಸೀರೆಯದಾಗಿತ್ತು ಎಂದು ನನಗೆ ಅಂದೇ ಮೊದಲ ಸಲ ಹೊಳೆಯಿತು.

"ಚೆಂದ ಆತೇನ ಪಾರಿ?"

"ಹೂಂ."

"ಹೂಂ ಅಂತ ಯಾಕ ಮೂತಿ ಉದ್ದ ಮಾಡ್ತಿ? ನೀನೂ ಬರಾಕಿ ವಸ್ತಿಗೆ. ಬಾಳಿಗೆ ಗುರತಿನ ಮಾರಿ ಒಂದು ಬೇಕಲ್ಲ."

ಗುರುತಿನ ಮಾರಿ, ಗೊತ್ತಿರುವ ಮುಖ! ಮಜ್ಜಿಗೆಯ ಗಡಿಗೆ, ಚಾಪೆಗಳ ಸುರುಳಿ, ಗುರುತಿನ ಮಾರಿ. ವಸ್ತಿಗೆ ಒಯ್ಯುವ ಸಾಮಾನಿನಲ್ಲಿ ನಾನೂ ಒಂದಾದೆ.

ರವಿವಾರ ಬೆಳಗಿನ ಜಾವಕ್ಕೇ ಅವ್ವ ಬುತ್ತಿ ಕಟ್ಟಿದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಬದನೆಕಾಯಿ, ದೊಡ್ಡ ಡಬರಿ ಪಾತ್ರೆಯ ತುಂಬ ಗೋದಿ ಬೆಲ್ಲದ ಸಿಹಿ ಪುಡಿ ಮಾದಲಿ. ಮಾದಲಿ ಎರಡು ದಿನವಾದರೂ ಕೆಡುವುದಿಲ್ಲ, ಹಾಲು ಹಾಕಿ ಕಲಸಿದರೆ ಆಯಿತು. ಬಾಳಿಗೆ ಎರೆದು, ಕಾಡಿಗೆ ಹಚ್ಚಿ, ಅವಳನ್ನು ಆಯಿಯ ಕೈಗೆ ಕೊಟ್ಟು, ಎಮ್ಮೆ ಕೂಗುತ್ತದೆಂದು ಹಿತ್ತಲಿಗೆ ಹೋದವಳು ಚಕ್ಕಡಿ ಹೊರಡುವಾಗಲೂ ಬರಲಿಲ್ಲ. ಎಮ್ಮೆ ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಆದರೆ ನನ್ನ ಲಕ್ಷ್ಯ ಅತ್ತ ಇರಲಿಲ್ಲ. ಮುಂದಿನ ಚಕ್ಕಡಿಗೆ ಕಮಾನು ಕಟ್ಟಿ ಮೇಲೆ ಜಮಖಾನೆ ಹೊದಿಸಿದ್ದರು, ಅದರಲ್ಲಿ ಚಿಗವ್ವ ಬಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಹಿಂದಿನ ಚಕ್ಕಡಿಯಲ್ಲಿ ಹೊಟ್ಟಿನ ಚೀಲದ ಮೇಲೆ ಜಾಗ. ದಾರಿಯುದ್ದಕ್ಕೂ ಮುಂದಿನ ಕಮಾನಿನ ಕಂಡಿಯಲ್ಲಿ ಹಸಿರು ಕುಂಚಿಗೆ ಕುಣಿಯುವುದನ್ನು ನೋಡುತ್ತಾ ಹೋದೆ. ಬೇರೆ ಕಡೆ ನೋಡಬಹುದಿತ್ತು. ನೋಡಲಿಲ್ಲ.

ವಸ್ತಿಯ ಯಜಮಾನಿಕೆ ಕಲ್ಲವ್ವ ದೊಡ್ಡವ್ವನದು. ಓಣಿಯ ತುದಿಮನೆಯವಳು, ಬಾಯಿ ತುಂಬ ಎಲೆ ಅಡಿಕೆ, ಮಾತಿಗೊಮ್ಮೆ ನಗೆ. ಹುಣಸೆಮರದ ಕೆಳಗೆ ಚಕ್ಕಡಿಗಳನ್ನು ಬಿಡಿಸಿ, ನಾಲ್ಕು ಬಿದಿರು ನೆಟ್ಟು, ಜಮಖಾನೆ ಕಟ್ಟಿಸಿ, ಮೂರು ಕಲ್ಲಿನ ಒಲೆ ಹೂಡಿಸಿದವಳು ನನ್ನನ್ನು ಕರೆದಳು.

"ಏ ಪಾರವ್ವಾ, ಇಲ್ಲಿ ಬಾ. ನಾಳೆ ಶಾಸ್ತ್ರ ಆಗೂತನಾ ಕೂಸಿನ ಕಣ್ಣಿಗೆ ಬೀಳಬ್ಯಾಡ."

ನಾನು ಉಗುರು ಕಚ್ಚುತ್ತಾ ನಿಂತೆ.

"ನಿನ್ನ ಕಂಡ್ರ ಅದು ನಿನ್ನ ಕಡೀನ ಓಡಿ ಬರತೈತಿ. ನೀಲವ್ವಗ ಹೊಂದೂದು ಯಾವಾಗ? ಎತ್ತಿನ ಹಂತೇಕ ಬೀರಪ್ಪ ಅದಾನ, ಹೋಗಿ ಅವನ ಕೂಡ ಇರು. ಶಾಣ್ಯಾಕಿ ನೀ."

"ಗುರತಿನ ಮಾರಿ ಬೇಕಂದಿದ್ಲು ಚಿಗವ್ವ" ಎಂದು ಗಂಟಲ ತನಕ ಬಂತು. ಬಾಯಿಗೆ ಬರಲಿಲ್ಲ. ಬೇಕೆಂದು ತಂದರು, ಬಂದ ಮೇಲೆ ಬೇಡವೆಂದರು.

ಬೀರಪ್ಪ ಕಾಕಾ ನಮ್ಮ ಚಕ್ಕಡಿ ಹೊಡೆಯುವವನು, ಕುರುಬರ ಮುದುಕ, ಹೆಗಲ ಮೇಲೆ ಸದಾ ಕರಿ ಕಂಬಳಿ. ದಂಡೆಯ ಇಳಿಜಾರಿನಲ್ಲಿ ಎತ್ತುಗಳಿಗೆ ಕಣಕಿ ಮೇವು ಹಾಕುತ್ತಿದ್ದ. ಅಲ್ಲಿಂದ ಒಲೆಯ ಹೊಗೆಯೂ ಹೆಂಗಸರ ದನಿಯೂ ಚೆನ್ನಾಗಿ ಬರುತ್ತಿತ್ತು. ಹೊತ್ತು ಮುಳುಗುವ ಮೊದಲು ಬಾಳಿ ನನ್ನನ್ನು ಹುಡುಕತೊಡಗಿದಳು. ಅವಳ ಬಾಯಲ್ಲಿ ನನ್ನ ಹೆಸರು ಪಾಯಿ.

"ಪಾಯಿ ಎಲ್ಲಿ? ಪಾಯಿ?"

"ಪಾರಿ ಇಲ್ಲ ನನ್ನ ಬಂಗಾರಾ. ಪಾರಿ ಮನಿಗೆ ಹ್ವಾದ್ಲು. ನಾ ಅದೀನಲ್ಲ, ಅವ್ವ ಅದೀನಲ್ಲ ಇಲ್ಲಿ."

ಇಲ್ಲ ಅಂದಳು ಚಿಗವ್ವ. ಎತ್ತಿನ ಕೊಂಬಿನ ಮರೆಯಲ್ಲಿ ನಾನು ಇದ್ದೆ, ಅವಳಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ಬಂಗಾರ. ನನ್ನನ್ನು ಚಿಗವ್ವ ಕತ್ತೆ ಎನ್ನುತ್ತಿದ್ದಳು, ಕೋಡಗ ಎನ್ನುತ್ತಿದ್ದಳು. ಬಂಗಾರ ಎಂದು ಯಾವತ್ತೂ ಕರೆದಿರಲಿಲ್ಲ. ನಾನು ಕಣಕಿಯ ಸಿವುಡಿನಿಂದ ಒಂದು ಕಡ್ಡಿ ಎಳೆದು ಚೂರು ಚೂರು ಮಾಡತೊಡಗಿದೆ. ಬೀರಪ್ಪ ಕಾಕಾ ನೋಡಿದ.

"ಅದು ಎತ್ತಿನ ಊಟ ತಾಯಿ, ಹಂಗ ಹರೀಬ್ಯಾಡ."

ನಾನು ಕೈ ತೆಗೆದೆ. ಅವನು ಎಡಗಡೆಯ ಬಿಳಿ ಎತ್ತಿನ ಬೆನ್ನು ತಟ್ಟಿದ.

"ಇಂವಾ ನೋಡ, ಹೋದ ವರ್ಷ ಬಾಜೂಕ ಹೊಸಾ ಜೋಡಿ ತಂದಾಗ ಹಿಂಗ ಮಾಡಿದ. ಹೊಸಾದರ ಮೈ ತಿಕ್ಕಿದ್ರ ಇಂವಾ ಬಾಲಾ ಬೀಸಿ ನನ್ನ ಮಾರಿಗೆ ಹೊಡ್ಯಾಂವ. ಮೇವು ಮುಟ್ಟಲಿಲ್ಲ."

"ಆಮ್ಯಾಲ?"

"ಆಮ್ಯಾಲ ಏನ? ಹಸಿವಾತು, ತಿಂದಾ."

"ಸಿಟ್ಟು ಹೋತೇನ?"

"ಯಾರಿಗೆ ಗೊತ್ತ? ನಾ ಕೇಳಿಲ್ಲ, ಅಂವಾ ಹೇಳಿಲ್ಲ. ನೊಗಾ ಅಂತೂ ಎಳ್ಯಾಕತ್ತಾನ."

ನನಗೆ ನಗು ಬಂತು. ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಅವನು ತನ್ನ ಬುತ್ತಿಯಿಂದ ಒಂದು ಸಜ್ಜೆರೊಟ್ಟಿ ಮುರಿದು ಕೊಟ್ಟ. ತಿಂದೆ. ಆ ಸಂಜೆ ಬಾಳಿ ಚಿಗವ್ವನ ಕೈಯಲ್ಲಿ ಒಂದು ತುತ್ತೂ ತಿನ್ನಲಿಲ್ಲ, ಬರೀ ಹಾಲು ಕುಡಿದು ಮಲಗಿದಳು ಎಂದು ಹೆಂಗಸರು ಆಡಿಕೊಂಡದ್ದು ಕೇಳಿಸಿತು. ಸುಳ್ಳು ಯಾಕೆ ಬರೆಯಲಿ, ಆ ರೊಟ್ಟಿ ನನಗೆ ಆಗ ಇನ್ನಷ್ಟು ರುಚಿಯಾಯಿತು.

ಸೋಮವಾರ ಹೊತ್ತೇರಿದ ಮೇಲೆ ಹೆಂಗಸರೆಲ್ಲ ಹೊಳೆಯಲ್ಲಿ ಮಿಂದು, ಹಣೆಗೆ ವಿಭೂತಿ ಧರಿಸಿ, ಒದ್ದೆ ಮರಳಿನಲ್ಲಿ ಹೊಳೆಯ ದೇವಿ ಗಂಗವ್ವನ ಪೂಜೆಗೆ ಐದು ಹರಳು ನಿಲ್ಲಿಸಿದರು. ಚಿಗವ್ವ ಹಸಿರು ಇಳಕಲ್ ಸೀರೆ ಉಟ್ಟು ಕಾಲು ಮಡಿಸಿ ಕೂತು ಉಡಿಯೊಡ್ಡಿದಳು. ಹಿಂದಿನ ಸಂಜೆಯಿಂದ ಅವಳ ಬಾಯಿಗೆ ನೀರು ಬಿದ್ದಿರಲಿಲ್ಲ, ತುಟಿ ಒಡೆದಿದ್ದವು. ಒಬ್ಬೊಬ್ಬರಾಗಿ ಅಕ್ಕಿ ಹಾಕಿದರು, ಉತ್ತತ್ತಿ ಹಾಕಿದರು. ಕಲ್ಲವ್ವ ದೊಡ್ಡವ್ವ ಬಾಳಿಯನ್ನು ಎತ್ತಿ ಅದರ ಮೇಲೆ ಕೂರಿಸಿದಳು. ಅಕ್ಕಿ ಕಂಡು ಬಾಳಿಗೆ ಖುಷಿ, ಎರಡೂ ಕೈಯಿಂದ ತೂರತೊಡಗಿದಳು. ಎಲ್ಲರೂ ನಕ್ಕರು. ನಾನು ಹುಣಸೆಮರದ ಬೊಡ್ಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಆ ಉಡಿಯನ್ನು ನಾನು ಬಲ್ಲೆ. ಚಳಿಯಲ್ಲಿ ಅದರೊಳಗೆ ಕೈ ಇಟ್ಟುಕೊಂಡು ಪಾಠ ಓದಿದವಳು ನಾನು.

ಚಿಗವ್ವ ಬಟ್ಟಲಿನಿಂದ ಹಾಲು ಮಾದಲಿ ಕಲಸಿ, ಸಣ್ಣ ಉಂಡೆ ಮಾಡಿ ಬಾಳಿಯ ತುಟಿಗೆ ಹಿಡಿದಳು. ಬಾಳಿ ಮುಖ ತಿರುವಿದಳು.

"ತಿನ್ನ ನನ್ನವ್ವಾ. ಸಿಹಿ ಐತಿ ನೋಡ."

ಈ ಕಡೆ ತಿರುವಿದಳು. ಬಾಯಿ ಗಟ್ಟಿ ಮುಚ್ಚಿದಳು. ಹೆಂಗಸರು ಚಪ್ಪಾಳೆ ತಟ್ಟಿದರು, ಕಾಗೆ ತೋರಿಸಿದರು, ಒಬ್ಬಳು ಎದ್ದು ಕುಣಿದಳು. ಬಾಳಿ ನಗುವುದಕ್ಕೂ ಬಾಯಿ ಬಿಡಲಿಲ್ಲ. ಮಾದಲಿ ಬಿಟ್ಟು ರೊಟ್ಟಿಯ ತುಂಡು ಹಿಡಿದರು. ಅದನ್ನು ಕೈಯಲ್ಲಿ ಇಸಿದುಕೊಂಡು, ತಿರುಗಿಸಿ ತಿರುಗಿಸಿ ಅಂಚು ನೋಡಿ, ಮರಳಿಗೆ ಒಗೆದಳು. ಅವಳು ಏನು ಹುಡುಕಿದಳೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಬಿಸಿಲು ಏರಿತು. ಚಿಗವ್ವನ ಮೊಣಕೈಗೆ ಹಾಲು ಇಳಿದು ಒಣಗಿತು. ಗುಂಪಿನಲ್ಲಿ ಪಿಸುಮಾತು ಶುರುವಾಯಿತು.

"ಕೂಸಿಗೆ ಮನಸಿಲ್ಲವಾ ಯವ್ವಾ."

"ಒತ್ತಾಯ ಮಾಡಬಾರ್ದ. ಮುಂದಿನ ವರ್ಷ ನೋಡಿದ್ರಾತು."

"ಮುಂದಿನ ವರ್ಷದ ತನಾ ಹುಕ್ಕೇರಿಯವ್ರು ಕಾಯ್ತಾರೇನ?"

ಈ ಕೊನೆಯ ಮಾತು ಚಿಗವ್ವನಿಗೆ ಕೇಳಿಸಿತು. ಅವಳು ತುತ್ತು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ, ಮತ್ತೊಮ್ಮೆ ಬಾಳಿಯ ತುಟಿಗೆ ಒತ್ತಿದಳು.

ಆಗ ನಾನು ಮಾತಾಡಿದೆ. ನಾಲ್ಕು ಜನರ ಎದುರು ಹೆಸರು ಕೇಳಿದರೂ ಹೇಳದ ನಾನು ಮರ ಬಿಟ್ಟು ಮುಂದೆ ಬಂದು ಹೇಳಿದೆ.

"ಆಕಿ ಇಡೀದ್ದು ತಿನ್ನೂದಿಲ್ಲ. ಎಂಜಲಾ ಮಾಡಿದ್ದಷ್ಟ ತಿಂತಾಳ."

ಎಲ್ಲರ ಮುಖ ನನ್ನ ಕಡೆ ತಿರುಗಿತು.

"ಯಾರ ಎಂಜಲಾ?" ಎಂದಳು ಕಲ್ಲವ್ವ ದೊಡ್ಡವ್ವ.

"ನಂದು. ನಾ ಕಚ್ಚಿ ಕೊಟ್ರ ತಿಂತಾಳ. ಮನ್ಯಾಗ ದಿನಾ ನಂದ ತಿಂತಾಳ."

ಇದನ್ನು ಆಮೇಲೆ ಆ ಹೆಂಗಸರು ಬಹಳ ಹೊಗಳಿದರು. ಎಷ್ಟು ದೊಡ್ಡ ಮನಸ್ಸಿನ ಹುಡುಗಿ, ಚಿಗವ್ವನ ಕಷ್ಟ ನೋಡಲಾರದೆ ಹೇಳಿದಳು ಎಂದರು. ಕೆಳಗಿಳಿಯದ ಆ ಕೈ ನೋಡಿ ನನಗೆ ಸಂಕಟವಾದದ್ದು ನಿಜ. ಆದರೆ ಬಾಯಿ ಬಿಡಿಸಿದ್ದು ಅದಲ್ಲ. ಚಿಗವ್ವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ, ಈ ಕೂಸು ಅವಳದಾಗುವ ಮೊದಲೇ ನನ್ನದಾಗಿತ್ತು ಎಂದು ಅಷ್ಟೂ ಜನಕ್ಕೆ ಕೇಳಿಸಬೇಕಾಗಿತ್ತು. ನಂದು ಎಂದೆನಲ್ಲ, ಆ ಒಂದು 'ನಂದು' ಹೇಳುವುದಕ್ಕೆ ನಾನು ಎರಡು ದಿನದಿಂದ ಕಾದಿದ್ದೆ. ಹೇಳಿ ಮುಗಿದ ಮೇಲೆ ತಿಳಿಯಿತು, ಗುಟ್ಟು ಕೊಟ್ಟರೆ ಕೂಸೂ ಹೋಗುತ್ತದೆ, ಚಿಗವ್ವನೂ ಹೋಗುತ್ತಾಳೆ ಎಂದು.

ಕಲ್ಲವ್ವ ದೊಡ್ಡವ್ವ ಎಲೆಯ ರಸ ಉಗುಳಿ ಬಂದಳು.

"ಕೇಳಿದ್ಯಲ್ಲ ನೀಲವ್ವಾ? ಕಚ್ಚಿ ಕೊಡ."

"ನಂದು ಉಪಾಸ ಐತ್ರಿ. ಕೂಸಿಗಿಂತ ಮೊದಲ ನಾ ಹೆಂಗ ಬಾಯಾಗ ಇಡಲಿ? ಶಾಸ್ತ್ರ ಮುರೀತೈತಿ."

"ಹೌದಲ್ಲ. ಹಂಗಾರ ಪಾರಿ ಕಚ್ಚಲಿ, ನೀ ತಿನ್ನಸು. ಬಾ ಪಾರಿ."

ನಾನು ಒಂದು ಹೆಜ್ಜೆ ಇಟ್ಟೆ. ಬಾಳಿ ನನ್ನನ್ನು ಕಂಡು "ಪಾಯಿ!" ಎಂದು ಉಡಿಯಿಂದ ಜಾರಿ ಏಳಲು ಹೋದಳು. ಚಿಗವ್ವ ಅವಳನ್ನು ಎಡಗೈಯಿಂದ ಅವಚಿಕೊಂಡಳು.

"ಬ್ಯಾಡ್ರಿ!"

ಆ ದನಿ ಎಷ್ಟು ಜೋರಾಗಿತ್ತೆಂದರೆ ನಾನು ಅಲ್ಲೇ ನಿಂತೆ. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗುರುತಾಯಿತು. ಹೊಟ್ಟಿನ ಚೀಲದ ಮೇಲೆ ಕೂತು ದಾರಿಯುದ್ದಕ್ಕೂ ಕುಂಚಿಗೆಯನ್ನು ನೋಡುತ್ತಾ ಬಂದಾಗ ನನ್ನ ಮುಖವೂ ಹೀಗೇ ಇದ್ದಿರಬೇಕು. ನನ್ನ ಚಿಗವ್ವ, ಮೊಣಕಾಲು ಕೆತ್ತಿಕೊಂಡ ಎಂಟು ವರ್ಷದ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಳು.

"ನಾನ ಕಚ್ತೀನಿ" ಎಂದಳು. "ಶಾಸ್ತ್ರ ಮುರದ್ರ ಮುರೀಲಿ."

ಗಡಿಗೆಗೆ ಎಂಜಲು ತಾಗಿದರೆ ಮಜ್ಜಿಗೆ ಚೆಲ್ಲುವ ಹೆಂಗಸು, ಉಪವಾಸದ ಬಾಯಿಯಲ್ಲಿ ರೊಟ್ಟಿಯ ಅಂಚು ಕಚ್ಚಿದಳು. ಕಚ್ಚಿದ ಜಾಗವನ್ನು ಬಾಳಿಗೆ ತೋರಿಸಿದಳು. ಬಾಳಿ ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವಳು ಬಾಯಿ ತೆರೆದಳು.

"ಉಂಡ್ಲು! ಉಂಡ್ಲು ನೋಡ್ರಿ!"

"ತಾಯಿ ಮೊದಲ ಉಂಡ್ಲೋ, ಮಗಳ ಮೊದಲ ಉಂಡ್ಲೋ?" ಎಂದು ಯಾರೋ ಕೇಳಿದರು.

"ಗಂಗವ್ವ ಆ ಕಡೆ ಮಾರಿ ಮಾಡಿದ್ಲು, ನೋಡಿಲ್ಲ ಬಿಡ" ಎಂದಳು ಕಲ್ಲವ್ವ ದೊಡ್ಡವ್ವ. "ನೀವೂ ನೋಡಿಲ್ಲ. ಊರಾಗ ಹೋಗಿ ಬಾಯಿ ಬಿಟ್ರ ಮುಂದಿನ ವಸ್ತಿಗೆ ಚಕ್ಕಡಿ ಹತ್ತಿಸಾಂಗಿಲ್ಲ."

ನಗೆ ಎದ್ದಿತು, ಉಳಿದ ಅಕ್ಕಿ ಎಲ್ಲರ ತಲೆಯ ಮೇಲೆ ಬಿತ್ತು. ಚಿಗವ್ವ ಅಳುತ್ತಾ ನೀರು ಕುಡಿದಳು. ಮಧ್ಯಾಹ್ನದ ಊಟಕ್ಕೆ ನನಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿ ತುಪ್ಪ ಸುರಿದರು. ಹೊಗಳಿಕೆ ಕೇಳುತ್ತಾ ಉಂಡೆ. ಊಟವಾದ ಮೇಲೆ ನಿದ್ದೆ ಹೋದ ಬಾಳಿಯನ್ನು ಹೆಗಲಿಗೆ ಹಾಕಿಕೊಂಡು ಚಿಗವ್ವ ನನ್ನ ಹತ್ತಿರ ಬಂದಳು.

"ಇದನ್ನ ಮೊದಲ ಯಾಕ ಹೇಳಲಿಲ್ಲವಾ ನೀ? ನಿನ್ನೆ ಸಂಜೀನ ಹೇಳಬೇಕಿಲ್ಲೇನ?"

"ನಿನ್ನೆ ನಾ ಮನಿಗೆ ಹೋಗಿದ್ನಲ್ಲ" ಎಂದೆ.

ಚಿಗವ್ವ ಖಾಲಿ ಇದ್ದ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಅಷ್ಟರಲ್ಲಿ ಬಾಳಿ ನಿದ್ದೆಯಲ್ಲಿ ಮುಲುಗಿದಳು, ಆ ಕೈ ಅವಳ ಬೆನ್ನು ತಟ್ಟಲು ಹೋಯಿತು.

ಮಂಗಳವಾರ ಹೊತ್ತು ಇಳಿಯುವಾಗ ಊರು ಸೇರಿದೆವು. ದಾರಿಯಲ್ಲಿ ಒಂದು ಚಕ್ಕಡಿಯ ಕೀಲು ಸಡಿಲವಾಗಿ ತಡವಾಗಿತ್ತು. ತಲಬಾಗಿಲಲ್ಲಿ ಆಯಿ ಓಣಿಯ ಸೊಸೆಯೊಬ್ಬಳ ಕೈಯಿಂದ ಚಿಗವ್ವನಿಗೂ ಬಾಳಿಗೂ ಆರತಿ ಮಾಡಿಸಿ, ಕಾಲಿಗೆ ನೀರು ಹಾಕಿಸಿ ಒಳಗೆ ಕರೆದುಕೊಂಡಳು. ಕಾಕಾ ಹೊಸ ಧೋತರ ಉಟ್ಟು ಪಡಸಾಲೆಯಲ್ಲಿ ನಿಂತಿದ್ದ, ಎಲ್ಲಿ ನೋಡಬೇಕೆಂದು ತಿಳಿಯದೆ ಜಂತಿಯ ಕಡೆ ನೋಡುತ್ತಿದ್ದ. ಎಲ್ಲರೂ ಅವರ ಹಿಂದೆ ಹೋದರು. ಅವ್ವ ಎಲ್ಲೂ ಕಾಣಲಿಲ್ಲ. ನಾನು ಹಿತ್ತಲಿಗೆ ಹೋದೆ. ಕುಳ್ಳು ಒಟ್ಟಿದ ಗೋಡೆಯ ಮಗ್ಗುಲಲ್ಲಿ ಒರಳಕಲ್ಲಿನ ಮೇಲೆ ಅವ್ವ ಸುಮ್ಮನೆ ಕೂತಿದ್ದಳು. ಅವಳು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ.

"ಬಂದ್ರೇನ?"

"ಹೂಂ."

"ಉಂಡಳೇನ?"

"ಉಂಡ್ಲು."

ಅವ್ವ ತಲೆಯಾಡಿಸಿದಳು. ನನ್ನ ಲಂಗದ ಅಂಚಿಗೆ ಹೊಳೆದಂಡೆಯ ಉತ್ತರಾಣಿ ಮುಳ್ಳು ಸಾಲಾಗಿ ಹತ್ತಿಕೊಂಡಿತ್ತು. ಅದನ್ನು ನೋಡಿ, ನನ್ನ ಕೈ ಹಿಡಿದು ಎಳೆದು ಮುಂದೆ ನಿಲ್ಲಿಸಿಕೊಂಡು, ಒಂದೊಂದೇ ಮುಳ್ಳು ಕಿತ್ತು ಒಗೆಯತೊಡಗಿದಳು. ಇಷ್ಟು ಹತ್ತಿರದಿಂದ ಅವ್ವನ ಬೈತಲೆ ನೋಡಿದ್ದು ನನಗೆ ನೆನಪಿರಲಿಲ್ಲ. ಅಲ್ಲಲ್ಲಿ ಬಿಳಿ ಕೂದಲಿತ್ತು. ಚೀಲದ ಹಿಂದೆ ಕೂತ ಸಂಜೆಯಿಂದ ನನ್ನೊಳಗೆ ಸುತ್ತುತ್ತಿದ್ದ ಪ್ರಶ್ನೆ ಹೊರಗೆ ಬಂತು.

"ಅವ್ವಾ, ನನ್ನ ಯಾಕ ಕೊಡಲಿಲ್ಲ ಚಿಗವ್ವಗ? ಬಾಳಿನ್ನ ಯಾಕ ಕೊಟ್ಟಿ?"

ಅವ್ವ ಮುಳ್ಳು ಕೀಳುವುದನ್ನು ನಿಲ್ಲಿಸಲಿಲ್ಲ.

"ಕೊಡಾಕ ನೀ ನನ್ನ ಹಂತೇಕ ಎಲ್ಲಿದ್ದಿ?"

ನನಗೆ ಅರ್ಥವಾಗಲಿಲ್ಲ. ಅವಳೇ ಇನ್ನೊಂದು ಮುಳ್ಳು ಕಿತ್ತು ಹೇಳಿದಳು. ಲಂಗದ ಅಂಚಿಗೇ ಹೇಳಿದಂತಿತ್ತು.

"ಬಾಳಿನ್ನ ನಾ ಕೊಟ್ಟೀನಿ. ನಿನ್ನ ನಾ ಕೊಟ್ಟಿದ್ದಿಲ್ಲ. ನೀನ ಹ್ವಾದಿ."

ಒಳಗೆ ನಡುಮನೆಯಲ್ಲಿ ಬಾಳಿ ಅಳತೊಡಗಿದಳು. ಅವ್ವನ ಬೆರಳು ಲಂಗದ ಮೇಲೆ ನಿಂತವು. ಅವಳು ಏಳಲಿಲ್ಲ, ಆದರೆ ಕುತ್ತಿಗೆ ಅತ್ತ ತಿರುಗಿತು. ನನ್ನ ಕುತ್ತಿಗೆಯೂ ತಿರುಗಿತ್ತು. ಚಿಗವ್ವ ಏನೋ ಹೇಳುವುದು ಕೇಳಿಸಿತು, ಮಾತು ತಿಳಿಯಲಿಲ್ಲ, ದನಿ ಮಾತ್ರ. ನನಗೆ ಹೇಳುತ್ತಿದ್ದ ದನಿ. ಅವ್ವ ಕೂಸಿನ ಅಳುವಿಗೆ, ನಾನು ಆ ದನಿಗೆ, ಇಬ್ಬರೂ ಉಸಿರು ಹಿಡಿದು ಕಿವಿಗೊಟ್ಟೆವು. ಅಳು ಸಣ್ಣದಾಯಿತು. ಬಿಕ್ಕಾಯಿತು. ನಿಂತಿತು.

ಅವ್ವ ನನ್ನ ಲಂಗದ ಅಂಚನ್ನು ಬಿಡಲಿಲ್ಲ.